‘ಇಲ್ಲ’ ಎಂದೇ ತುಂಬುವ ಖಾನೆ

ಕೊಲ್ಲಿ ನಾಡಿನಲ್ಲಿ, ಕರಾಮದ ಟೈಪಿಂಗ್ ಸೆಂಟರೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ನಾನು ಮಂದಿಯ ಅರ್ಜಿ ತುಂಬುತ್ತ ಬಂದಿದ್ದೇನೆ. ವೀಸಾಕ್ಕೆ, ಐಡಿಗೆ, ಮಗು ಹುಟ್ಟಿದ್ದಕ್ಕೆ, ಮನೆ ಬದಲಿಸಿದ್ದಕ್ಕೆ, ಈ ಊರಿನಲ್ಲಿ ಉಸಿರಾಡುವುದೊಂದನ್ನು ಬಿಟ್ಟು ಎಲ್ಲಕ್ಕೂ ಅರ್ಜಿ ಇದೆ. ಟೋಕನ್ ಹಿಡಿದು ಬಂದವರು ನನ್ನೆದುರು ಕೂತು ಪಾಸ್‌ಪೋರ್ಟ್ ಚಾಚುತ್ತಾರೆ. ನಾನು ಅವರ ಮುಖ ನೋಡುವ ಮೊದಲು ಫೋಟೊ ನೋಡುತ್ತೇನೆ. ತಂದೆಯ ಹೆಸರು ಕೇಳುತ್ತೇನೆ, ತಾಯಿಯ ಹೆಸರು ಕೇಳುತ್ತೇನೆ. ಆದರೆ ಕೆಲವು ಅರ್ಜಿಗಳಲ್ಲಿ ಇನ್ನೊಂದು ಖಾನೆ ಇರುತ್ತದೆ: ನಿಮಗೆ ಯಾವುದಾದರೂ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ? ಅದನ್ನು ಮಾತ್ರ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಗಿರಾಕಿಗೆ ಅವಮಾನ, ನಮಗೆ ಎರಡು ನಿಮಿಷ ದಂಡ. ಬೆರಳು ತಾನಾಗಿ ‘ಇಲ್ಲ’ ಒತ್ತಿ ಮುಂದೆ ಹೋಗುತ್ತದೆ.

ಹೋದ ವರ್ಷ ಜೂನ್ ಮೊದಲ ವಾರದಲ್ಲಿ ನಾನು ಒಮ್ಮೆ ಕೇಳಿದೆ. ಕೇಳಿದ್ದು ಕರ್ತವ್ಯನಿಷ್ಠೆಯಿಂದಲ್ಲ, ಹೆದರಿಕೆಯಿಂದ. ಹೆದರಿಕೆ ನನ್ನ ಹುಟ್ಟುಗುಣ. ಗ್ಯಾಸಿನ ಕಿವಿ ತಿರುಗಿಸಿದ್ದೇನೋ ಇಲ್ಲವೋ ಎಂದು ಲಿಫ್ಟಿನಿಂದ ಮೂರು ಸಲ ವಾಪಸು ಬರುವವಳು ನಾನು. ಮಗಳಿಗೆ ಸೀನು ಬಂದರೆ ನನಗೆ ಆಸ್ಪತ್ರೆಯ ವಾಸನೆ ಬರುತ್ತದೆ. ನನ್ನ ಚಿಂತೆಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಅದು ಈ ದೇಶದ ಟ್ರಾಫಿಕ್ ನಿಯಮಗಳಿಗಿಂತ ಉದ್ದವಾದೀತು. ಆ ಪಟ್ಟಿಯಲ್ಲಿ ಲಿಫ್ಟಿನ ಹಗ್ಗ ಹರಿಯುವುದಿತ್ತು, ಎಸಿಯಿಂದ ಬೆಂಕಿ ಹೊತ್ತುವುದಿತ್ತು, ಭೂಕಂಪವೂ ಇತ್ತು. ಈಗ ಹೇಳಹೊರಟಿರುವುದು ಇರಲಿಲ್ಲ.

ನಮ್ಮ ಮನೆಯ ಸಂಗತಿ ಮೊದಲು ಹೇಳಬೇಕು. ಎರಡು ಬೆಡ್‌ರೂಮ್, ನಡುವೆ ಒಂದು ಹಾಲ್. ಬಾಡಿಗೆ ಪತ್ರ ನನ್ನ ಗಂಡನ ಹೆಸರಿನಲ್ಲಿದೆ. ಗಂಡ ಇರುವುದು ರುವೈಸ್‌ನಲ್ಲಿ, ರಿಫೈನರಿಯ ಕಾಂಟ್ರ್ಯಾಕ್ಟರೊಬ್ಬರ ಹತ್ತಿರ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಶುಕ್ರವಾರ ಸಂಜೆ ಬಂದು ರವಿವಾರ ಊಟ ಮಾಡಿ ಹೋಗುತ್ತಾರೆ. ಉಳಿದ ದಿನ ನಾನು ಮತ್ತು ಹನ್ನೊಂದು ವರ್ಷದ ಮಗಳು. ಎರಡನೇ ಬೆಡ್‌ರೂಮಿನಲ್ಲಿ ನಾಲ್ಕು ವರ್ಷದಿಂದ ಉಡುಪಿ ಕಡೆಯ ಒಂದು ಜೋಡಿ ಶೇರಿಂಗ್‌ನಲ್ಲಿತ್ತು. ಅವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಸೇರಿಸಬೇಕು ಎಂದು ನಿಯಮವಿದೆ. ಊರವರಿಗೆಲ್ಲ ಸೇರಿಸಿಕೊಡುವುದೇ ನನ್ನ ಕೆಲಸ. ಅಡಿಗೆಯವಳ ಮನೆಯಲ್ಲಿ ಉಪವಾಸ ಅಂತಾರಲ್ಲ, ಹಾಗೆ.

ಆ ಹೆಂಗಸು ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಅವಳನ್ನು ತಂಗಿ ಎನ್ನುತ್ತಿದ್ದೆ. ಗಂಡ ಸೂಪರ್ ಮಾರ್ಕೆಟಿನಲ್ಲಿ, ಅವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ನನ್ನ ಮಗಳು ಮೂರು ಗಂಟೆಗೆ ಸ್ಕೂಲ್ ಬಸ್ಸಿನಿಂದ ಇಳಿದು, ಕಾರಿಡಾರಿನಲ್ಲಿ ಬೆಂಕಿ ಆರಿಸುವ ಪೈಪು ಇಡುವ ಕೆಂಪು ಡಬ್ಬಿಯೊಳಗಿಂದ ಕೀಲಿ ತೆಗೆದುಕೊಂಡು ಒಳಗೆ ಬಂದರೆ, ಅನ್ನ ಬಡಿಸುತ್ತಿದ್ದವಳು ಅವಳು. ನನ್ನ ಮಗಳಿಗೆ ಜೋಳದ ರೊಟ್ಟಿಗಿಂತ ನೀರುದೋಸೆ ಸೇರುತ್ತದೆ ಎಂದರೆ ಆ ಅನ್ನದ ಋಣ ಎಷ್ಟು ಎಂದು ತಿಳಿದುಕೊಳ್ಳಿ.

ಏಪ್ರಿಲ್‌ನಲ್ಲಿ ತಂಗಿ ಕೇಳಿದಳು, ನಮ್ಮ ಅಣ್ಣ ಕೆಲಸ ಹುಡುಕಿಕೊಂಡು ಬರ್ತಾನಂತೆ, ಎರಡು ತಿಂಗಳ ವಿಸಿಟ್ ವೀಸಾ ಮಾಡಿಕೊಡ್ತೀರಾ, ಹಾಲ್‌ನಲ್ಲಿ ಮಲಗ್ತಾನೆ. ಇಲ್ಲಿ ಎಲ್ಲರ ಅಣ್ಣಂದಿರೂ ಹಾಗೆಯೇ ಬರುವುದು. ಅರ್ಜಿ ನಾನೇ ತುಂಬಿದೆ. ಹೆಸರಿನ ಸ್ಪೆಲಿಂಗ್ ಮೂರು ಸಲ ನೋಡಿದೆ, ಫೋಟೊದ ಹಿಂದಿನ ಗೋಡೆ ಬೆಳ್ಳಗಿದೆಯೇ ಎಂದು ನೋಡಿದೆ. ಮೂವತ್ತೆಂಟು ವರ್ಷದ ಮನುಷ್ಯನ ಪಾಸ್‌ಪೋರ್ಟ್ ಇಷ್ಟು ಹೊಸದು ಯಾಕೆ ಎಂದು ಮಾತ್ರ ನೋಡಲಿಲ್ಲ.

ಅವನು ಮೇ ತಿಂಗಳಲ್ಲಿ ಬಂದ. ತೆಳ್ಳಗಿನ, ಮೆಲುಮಾತಿನ ಆಳು. ಬೆಳಿಗ್ಗೆ ನಾವು ಏಳುವ ಮೊದಲು ಹಾಸಿಗೆ ಸುತ್ತಿ ಸೋಫಾದ ಹಿಂದೆ ಇಟ್ಟಿರುತ್ತಿದ್ದ. ವೆಲ್ಡಿಂಗ್ ಬರುತ್ತದೆ ಎಂದ. ನಾನು ಗಂಡನಿಗೆ ಹೇಳಿದೆ. ಗಂಡ ತಮ್ಮ ಕಾಂಟ್ರ್ಯಾಕ್ಟರನಿಗೆ ಹೇಳಿದರು. ಕಾಂಟ್ರ್ಯಾಕ್ಟರು ಆಗಲಿ ಎಂದರು, ಆದರೆ ರಿಫೈನರಿಯ ಗೇಟ್ ಪಾಸಿಗೆ ಊರಿನ ಪೊಲೀಸರ ಪ್ರಮಾಣಪತ್ರ ಬೇಕು. ಅದರ ಅರ್ಜಿ ತುಂಬಲು ಅವನು ಅಂದು ನನ್ನ ಕೌಂಟರಿಗೆ ಬಂದಿದ್ದ. ಶಿಫಾರಸು ನನ್ನ ಗಂಡನದು, ಏನಾದರೂ ತಪ್ಪಾದರೆ ಗಂಡನ ಪಾಸಿಗೇ ಕುತ್ತು. ಅದಕ್ಕೇ ಒಂದೊಂದು ಖಾನೆಯನ್ನೂ ಓದಿ ಓದಿ ಕೇಳುತ್ತ ಬಂದೆ.

“ಯಾವುದಾರ ಕೇಸಿನಾಗ ಶಿಕ್ಷಾ ಆಗೇತೇನ್ರಿ?” ಎಂದೆ. ಬೆರಳು ಆಗಲೇ ‘ಇಲ್ಲ’ದ ಮೇಲಿತ್ತು.

“ಆಗಿದೆ” ಅಂದ.

ಹೆಲ್ಮೆಟ್ಟೋ, ಗಲಾಟೆಯೋ ಇರಬೇಕು ಎಂದುಕೊಂಡು ಎಂಥದ್ದು ಎಂದು ಕೇಳಿದೆ. ಅವನು ಪಕ್ಕದ ಕೌಂಟರಿನ ಕಡೆ ನೋಡಿದ. ಅಲ್ಲಿ ಒಬ್ಬಳು ಬಾಣಂತಿ ಮಗುವಿನ ಫೋಟೊ ಸರಿಯಿಲ್ಲವೆಂದು ವಾದಿಸುತ್ತಿದ್ದಳು. ಅವನು ನನ್ನ ಪೆನ್ನು ತೆಗೆದುಕೊಂಡು ತನ್ನ ಟೋಕನ್ ಚೀಟಿಯ ಹಿಂದೆ ಬರೆದು ನನ್ನ ಕಡೆ ಸರಿಸಿದ. ಪೋಕ್ಸೊ. ಏಳು ವರ್ಷ.

“ಮುಗಿಸಿ ಬಂದಿದ್ದೇನೆ. ತಂಗಿ ನಿಮಗೆ ಹೇಳಿರ್ತಾಳೆ ಅಂತ ಎಣಿಸಿದ್ದೆ.”

ನಾನು ಸರ್ವರ್ ಡೌನ್ ಆಗಿದೆ ಎಂದೆ. ನಮ್ಮ ವೃತ್ತಿಯಲ್ಲಿ ಸಾವಿರ ಸಲ ಹೇಳಿದ ಸುಳ್ಳು ಅದು, ಅಂದು ಒಂದೇ ಸಲ ನಿಜವಾಗಿತ್ತು. ಕಂಪ್ಯೂಟರ್ ಚೆನ್ನಾಗಿಯೇ ಇತ್ತು, ನಿಂತುಹೋದವಳು ನಾನು. ಅವತ್ತಿನವರೆಗೆ ಅವನಿಗೆ ‘ರೀ’ ಎನ್ನುತ್ತಿದ್ದೆ. ಅವತ್ತಿನಿಂದ ಏನೂ ಅನ್ನಲಿಲ್ಲ.

ಅವನು ಎದ್ದುಹೋದ ಮೇಲೆ ಗಂಡನಿಗೆ ಫೋನ್ ಮಾಡಿದೆ. ಅತ್ತ ಕಡೆ ಪ್ಲಾಂಟಿನ ಗದ್ದಲ. ಎರಡು ಸಲ ಹೇಳಬೇಕಾಯಿತು, ಅಂಥ ಮಾತನ್ನು ಎರಡನೇ ಸಲ ಜೋರಾಗಿ ಹೇಳುವುದು ಎಷ್ಟು ಕಷ್ಟ.

“ಏನ್ ಹೇಳಾಕತ್ತಿ? ಇವತ್ತ ಹೊರಗ ಹಾಕು ಅವನ್ನ.”

“ನೀವ ಬಂದು ಹಾಕ್ರಿ.”

“ಶುಕ್ರವಾರ ಬರ್ತೇನಲ್ಲ.”

ಅಂದು ಸೋಮವಾರ.

ಸಂಜೆ ಅಡಿಗೆಮನೆಯಲ್ಲಿ ತಂಗಿ ಬಸಳೆ ಹೆಚ್ಚುತ್ತಿದ್ದಳು. ನಾನು ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು ಒಂದೇ, ಯಾಕ ಹೇಳಲಿಲ್ಲ ನನಗ.

ಅವಳು ಚಾಕು ಕೆಳಗಿಟ್ಟಳು. “ಹೇಳಿದ್ರೆ ನೀವು ವೀಸಾ ಮಾಡ್ತಿದ್ರಾ ಅಕ್ಕ?”

“ಇಲ್ಲ.”

“ಮತ್ತೆ?”

ಆ ಮೇಲೆ ಅವಳೇ ಹೇಳಿದಳು: ನಾನು ಮನೆಯಲ್ಲೇ ಇರುತ್ತೇನೆ ಅಕ್ಕ, ಅವನು ಬಂದ ದಿನದಿಂದ ಮಗುವನ್ನು ಒಂದು ನಿಮಿಷ ಕಣ್ಣ ಮರೆ ಮಾಡಿಲ್ಲ, ಅಂಗಡಿಗೂ ಅವಳನ್ನು ಕೈಹಿಡಿದೇ ಕರೆದುಕೊಂಡು ಹೋಗಿದ್ದೇನೆ. ನನಗೆ ನೆನಪಾಯಿತು. ಮಗಳು ಹಿಂದಿನ ವಾರ ದೂರಿದ್ದಳು, ಆಂಟಿ ನನ್ನನ್ನು ಕೊತ್ತಂಬರಿ ತರಲಿಕ್ಕೂ ಎಳ್ಕೊಂಡು ಹೋಗ್ತಾರೆ, ಸೋ ಎಂಬರಾಸಿಂಗ್. ನಾನು ನಕ್ಕಿದ್ದೆ. ನನ್ನ ಮನೆಯಲ್ಲಿ ಒಂದು ಕಾವಲು ಒಂದು ತಿಂಗಳಿಂದ ನಡೆದಿತ್ತು, ಚಿಂತೆಯಲ್ಲಿ ಚಿನ್ನದ ಪದಕ ಪಡೆಯಬಹುದಾದ ನನಗೆ ಅದರ ಗಾಳಿಯೂ ತಾಗಿರಲಿಲ್ಲ.

ಮರುದಿನದಿಂದ ಮಗಳು ಶಾಲೆಯಿಂದ ಮನೆಗೆ ಬರುವುದನ್ನು ನಿಲ್ಲಿಸಿದೆ. ಬಸ್ಸಿನವರಿಗೆ ಹೇಳಿ ಟೈಪಿಂಗ್ ಸೆಂಟರಿನ ಹತ್ತಿರದ ಸ್ಟಾಪಿನಲ್ಲಿ ಇಳಿಸಿಕೊಂಡೆ. ಕೆಂಪು ಡಬ್ಬಿಯ ಕೀಲಿ ನನ್ನ ಬ್ಯಾಗಿಗೆ ಬಂತು. ಸೆಂಟರಿನ ಹಿಂದುಗಡೆ ಫೋಟೊಕಾಪಿ ಮಷಿನ್ ಮತ್ತು ಗೋಡೆಯ ನಡುವೆ ಒಂದು ಸ್ಟೂಲ್ ಹಾಕಿ ಅವಳನ್ನು ಕೂರಿಸಿದೆ. ಮೂರರಿಂದ ಏಳರವರೆಗೆ ಅಲ್ಲೇ ಹೋಮ್‌ವರ್ಕ್, ಅಲ್ಲೇ ಡಬ್ಬಿಯ ಊಟ. ಮನೆಗೆ ಬಂದರೆ ನಮ್ಮ ಕೋಣೆ, ಚಿಲಕ. ಟಿವಿ ಹಾಲ್‌ನಲ್ಲಿದೆ, ಆದರೆ ಅವಳಿಗೆ ಹಾಲ್ ಇಲ್ಲ. ಬಾತ್‌ರೂಮಿಗೆ ಹೋಗಬೇಕಾದರೆ ನಾನು ಮುಂದೆ, ಅವಳು ಹಿಂದೆ. ಯಾಕೆ ಎಂದು ಕೇಳಿದಳು. ಎಸಿ ರಿಪೇರಿ, ಜಿರಲೆ ಔಷಧಿ, ಪರೀಕ್ಷೆ, ಹೀಗೆ ಕಾರಣ ಕೊಟ್ಟೆ. ಬುಧವಾರದ ಹೊತ್ತಿಗೆ ಕಾರಣಗಳು ಮುಗಿದವು.

“ಅಮ್ಮಾ, ವಾಟ್ ಡಿಡ್ ಐ ಡು?” ಎಂದಳು.

ನೀ ಏನೂ ಮಾಡಿಲ್ಲ ಎಂದೆ. ನಂಬಲಿಲ್ಲ. ಮಾಡದವರನ್ನು ಯಾರು ಹೀಗೆ ಕೂಡಿಹಾಕುತ್ತಾರೆ?

ಬುಧವಾರವೇ ನಾನು ಇನ್ನೊಂದು ತಪ್ಪು ಮಾಡಿದೆ. ಮೂರನೇ ಮಹಡಿಯ ಹಿರಿಯ ಹೆಂಗಸು ಲಿಫ್ಟಿನಲ್ಲಿ ಸಿಕ್ಕರು. ಅವರ ಯಜಮಾನರು ನಮ್ಮ ಕಟ್ಟಡದ ಸುತ್ತಿನ ಕನ್ನಡದವರ ಭಜನಾ ಮಂಡಳಿಗೆ ಹಿರಿಯರು. ಮುಖ ಯಾಕೆ ಹೀಗಾಗಿದೆ ಎಂದು ಕೇಳಿದರು. ಮೂರನೇ ಮಹಡಿಯಿಂದ ನೆಲಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ್ದೆ, ಯಾರಿಗೂ ಹೇಳಬೇಡಿ ಎಂಬುದನ್ನೂ ಸೇರಿಸಿ. ಅವರು ನನ್ನ ಕೈ ಹಿಡಿದು ಖಂಡಿತ ಇಲ್ಲ ಎಂದರು.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಬೆಳಗಾದರೆ ಕಮಲದ ಹೂವು, ಗಣಪತಿ, ಅರವತ್ತು ಶುಭೋದಯ. ಗುರುವಾರ ಅದು ಮೌನವಾಯಿತು. ನಿಜವೇ ಆದರೂ ಒಬ್ಬರ ಮಾನ ಹೋಗುವಂಥದ್ದನ್ನು ಫೋನಿನಲ್ಲಿ ಬರೆದರೆ ಇಲ್ಲಿ ಬರೆದವರ ಮೇಲೇ ಕೇಸಾಗಬಹುದು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಒಂದಕ್ಷರ ಯಾರೂ ಬರೆಯಲಿಲ್ಲ. “ಕಾಲ್ ಮಾಡ್ತೇನೆ” ಎಂದಷ್ಟೇ ಒಬ್ಬರು ಬರೆದರು, ಅದರ ಕೆಳಗೆ ಹನ್ನೆರಡು ಹೆಬ್ಬೆರಳು. ಆಟದ ಜಾಗದಲ್ಲಿ ಸಂಜೆ ಮಕ್ಕಳಿರಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗ ಜೊತೆಗೆ ಕಾಯುತ್ತಿದ್ದವರು ನನ್ನನ್ನು ಕಂಡು, ನೀವು ಹೋಗಿ, ನಾವು ಆಮೇಲೆ ಬರ್ತೇವೆ ಎನ್ನುವಂತಾಯಿತು. ಅಪರಾಧ ಅವನದು, ಹಾಲ್ ನನ್ನದು.

ಅದೇ ಗುರುವಾರ ಮಗಳನ್ನು ಕರೆದುಕೊಂಡು ನಡೆದು ಬರುತ್ತಿದ್ದಾಗ, ನಮ್ಮ ಬೀದಿಯ ತುದಿಯ ಬಸ್ ಶೆಲ್ಟರಿನೊಳಗೆ ಅವನು ಕೂತಿದ್ದ. ಎಸಿ ಇರುವ ಗಾಜಿನ ಶೆಲ್ಟರ್. ಬಸ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅವನು ಏಳಲಿಲ್ಲ. ಮಗಳು ಗಾಜಿನ ಆಚೆಯಿಂದ ಅವನಿಗೆ ಕೈ ಬೀಸಿದಳು. ಅವನು ತಲೆ ಬಗ್ಗಿಸಿದ.

“ಅಂಕಲ್ ದಿನಾ ಇಲ್ಲೇ ಕೂತಿರ್ತಾರ ಅಮ್ಮ. ಐ ಥಿಂಕ್ ಹಿ ಹೇಟ್ಸ್ ಅವರ್ ಹೌಸ್.”

ಮಗಳನ್ನು ಮನೆಗೆ ಬಿಟ್ಟು, ತಂಗಿಯ ಹತ್ತಿರವೇ ಬಿಟ್ಟು (ಬೇರೆ ಯಾರ ಹತ್ತಿರ ಬಿಡಲಿ?), ವಾಪಸು ಶೆಲ್ಟರಿಗೆ ಬಂದೆ. ನಡುವೆ ಒಂದು ಸೀಟು ಖಾಲಿ ಬಿಟ್ಟು ಕೂತೆ. ಯಾಕ ಇಲ್ಲಿ ಕೂಡೋದು ಎಂದು ಕೇಳಿದೆ. ಅವನು ರಸ್ತೆ ನೋಡುತ್ತಲೇ ಹೇಳಿದ:

“ಎರಡು ಗಂಟೆಗೆ ಇಳಿದು ಬರ್ತೇನೆ. ನೀವು ಬಂದ ಮೇಲೆ ಹತ್ತುದು. ಮನೆಯಲ್ಲಿ ಮಗು ಇರ್ತದಲ್ಲ.”

ಆ ಮಾತನ್ನು ನಾನು ಇಂದಿಗೂ ತಿರುಗಿಸಿ ಮುರುಗಿಸಿ ನೋಡುತ್ತೇನೆ. ಒಂದು ಕಡೆಯಿಂದ ನೋಡಿದರೆ, ಅವನು ಆಡಬಹುದಾಗಿದ್ದ ಮಾತುಗಳಲ್ಲಿ ಅದೇ ಮರ್ಯಾದೆಯದು. ತನ್ನ ಮೇಲೆ ತಾನೇ ಬೇಲಿ ಹಾಕಿಕೊಂಡವನ ಮಾತು. ಇನ್ನೊಂದು ಕಡೆಯಿಂದ ನೋಡಿದರೆ, ಬೇಲಿ ಬೇಕು ಎಂದು ಅವನಿಗೇ ಅನಿಸಿದ್ದರೆ ನಾನು ಏನೆಂದು ತಿಳಿಯಬೇಕು? ಮೇಲಾಗಿ ಸ್ಕೂಲ್ ಬಸ್ಸುಗಳೆಲ್ಲ ಹಾಯುವುದು ಆ ಶೆಲ್ಟರಿನ ಮುಂದೆಯೇ. ಅದು ಅವನಿಗೆ ಗೊತ್ತಿತ್ತೇ, ಇಲ್ಲವೇ? ಕೇಳಿದರೆ ಏನು ಹೇಳಿದರೂ ನಂಬುವ ದಾರಿ ನನಗಿರಲಿಲ್ಲ. ಅವನು ಸುಧಾರಿಸಿದ್ದಾನೋ ಇಲ್ಲವೋ ಎಂಬುದಕ್ಕೆ ಅರ್ಜಿಯಲ್ಲಿ ಖಾನೆ ಇಲ್ಲ. ನಾನು ಎದ್ದು ಬಂದೆ. ಹೊರಗೆ ಬಿಸಿಗಾಳಿ ಮುಖಕ್ಕೆ ಬಡಿಯಿತು, ಕನ್ನಡಕ ಮಂಜಾಯಿತು, ಒರೆಸಿಕೊಳ್ಳುತ್ತ ಹತ್ತು ಹೆಜ್ಜೆ ತಪ್ಪು ದಿಕ್ಕಿಗೆ ನಡೆದೆ.

ಶುಕ್ರವಾರ ಗಂಡ ಬಂದರು. ಫೋನಿನಲ್ಲಿ ಐದು ದಿನ ಗುಡುಗಿದ್ದವರು ಹಾಲ್‌ಗೆ ಕಾಲಿಟ್ಟಾಗ ಅವನು ಎದ್ದು ನಿಂತು ಇವರ ಬ್ಯಾಗು ಇಸಿದುಕೊಳ್ಳಲು ಕೈ ಚಾಚಿದ. ಇವರು ಬ್ಯಾಗು ಕೊಟ್ಟರು. ಕೊಟ್ಟು, “ಊಟ ಆತೇನ್ರಿ?” ಎಂದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಮೇಲೆ ಕೋಣೆಯಲ್ಲಿ ಚಿಲಕ ಹಾಕಿ, ಏನ್ ಮಾಡ್ಲಿ, ಬಾಯಿಗೆ ಅದ ಬಂತು ಎಂದರು. ಅದಕ್ಕೆ ನಾನು ಬೈಯಲಿಲ್ಲ, ಸರ್ವರ್ ಡೌನ್ ಎಂದವಳು ಯಾವ ಬಾಯಿಂದ ಬೈಯಲಿ.

ಶನಿವಾರ ಮಧ್ಯಾಹ್ನ ಭಜನಾ ಮಂಡಳಿಯ ಹಿರಿಯರು ತಮ್ಮ ಹೆಂಡತಿಯ ಜೊತೆ ಬಂದರು. ಮುಂದಿನ ವಾರದ ಭಜನೆ ನಮ್ಮ ಮನೆಯಲ್ಲಿ ಎಂದು ಪಾಳಿ ಇತ್ತು. ಅದರ ಮಾತು ಎಂದು ಶುರು ಮಾಡಿದರು, ಈ ಸಲ ಬೇರೆ ಕಡೆ ಇಟ್ಟುಕೊಂಡರೆ ಹೇಗೆ ಎಂದರು. ಅವನು ಆಗ ಶೆಲ್ಟರಿನಲ್ಲಿದ್ದ. ತಂಗಿ ತನ್ನ ಕೋಣೆಯ ಬಾಗಿಲು ತೆರೆದೇ ಇಟ್ಟುಕೊಂಡು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಂತ್ರ ಓಡುತ್ತಿರಲಿಲ್ಲ.

ಹಿರಿಯರು ಮೆತ್ತಗೆ ಮಾತಾಡುವವರು. “ನೋಡಿ, ನಮಗೆ ಯಾರ ಮೇಲೂ ದ್ವೇಷ ಇಲ್ಲ. ಕೋರ್ಟು ಶಿಕ್ಷೆ ಕೊಟ್ಟಿದೆ, ಅವ ಮುಗಿಸಿದ್ದಾನೆ. ಅವನಿಗೂ ಬದುಕ್ಲಿಕ್ಕೆ ಹಕ್ಕುಂಟು, ಇಲ್ಲ ಹೇಳುದಿಲ್ಲ ನಾನು. ಆದ್ರೆ ಇದು ಫ್ಯಾಮಿಲಿ ಬಿಲ್ಡಿಂಗು ಮಾರಾಯ್ರೆ.”

ನನ್ನ ಗಂಡ ತಲೆ ಆಡಿಸಿದರು. ನಾನೂ ಆಡಿಸಿದೆ. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ವಾಸ್ತವವಾಗಿ ನಾನೇ ಹೇಳಬೇಕಾದದ್ದನ್ನು ಅವರು ಹೇಳಿದರು.

ತಂಗಿ ಎದ್ದು ಬಂದಳು. ಟ್ರೇಯಲ್ಲಿ ಚಹಾ ಇತ್ತು. ಯಾವಾಗ ಮಾಡಿದ್ದಳೋ. ಎಲ್ಲರಿಗೂ ಕೊಟ್ಟು, ನೆಲದ ಮೇಲೆ ಕೂತಳು.

“ಇಲ್ಲಿ ಬೇಡ ಅಂದ್ರೆ ಎಲ್ಲಿ ಹೇಳಿ.”

“ಊರಿಗೆ ಹೋಗ್ಲಿ. ಅವನ ಮನೆ ಉಂಟಲ್ಲ” ಎಂದರು ಹಿರಿಯರು.

“ಉಂಟು. ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಒಂದೇ ರಸ್ತೆ ಇರುದು. ಆ ಹುಡುಗಿಯ ಮನೆಯೂ ಅದೇ ರಸ್ತೆಯಲ್ಲಿ. ಇವ ಜೈಲಿಂದ ಬಂದು ಎರಡು ವರ್ಷ ಮನೆಯಲ್ಲಿದ್ದ. ಎರಡು ವರ್ಷ ಅವಳು ಬಸ್ಸಿಗೆ ಬರ್ಲಿಲ್ಲ. ಕಾಲೇಜು ಬಿಟ್ಳು. ಅವಳ ಅಮ್ಮ ನಮ್ಮ ಅಂಗಳಕ್ಕೆ ಬಂದು ಬೈದದ್ದಲ್ಲ, ಕೈ ಮುಗಿದು ಕೇಳಿದ್ದು, ಇವನನ್ನು ಎಲ್ಲಿಯಾದ್ರೂ ಕಳಿಸಿ ಅಂತ. ಅದಕ್ಕೆ ಕರೆಸಿದ್ದು ನಾನು. ಈಗ ನೀವೂ ಕಳಿಸು ಅಂತೀರಿ. ನಿಮ್ಮ ಮಕ್ಕಳಿಗೋಸ್ಕರ ಅಲ್ವಾ? ಅವಳೂ ಒಬ್ಬರ ಮಗಳೇ. ನಾನು ಯಾರ ಮಾತು ಕೇಳ್ಬೇಕು?”

ಹಿರಿಯರ ಹೆಂಡತಿ ಲೋಟ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು, “ಎಲ್ಲ ಸರಿ ಮಾರಾಯ್ತಿ. ನನ್ನ ಮೊಮ್ಮಗಳು ಈಗ ಮೂರು ದಿನದಿಂದ ಕೆಳಗೆ ಆಡ್ಲಿಕ್ಕೆ ಹೋಗಿಲ್ಲ. ಅವಳಿಗೆ ಎಂತ ಹೇಳುದು ನಾನು?”

ತಂಗಿ ಖಾಲಿ ಲೋಟಗಳನ್ನು ಟ್ರೇಗೆ ಎತ್ತಿಡತೊಡಗಿದಳು. ನಾನಂತೂ ಅಲ್ಲಿಯವರೆಗೆ ಊರಿನ ಆ ಹುಡುಗಿಯನ್ನು ನೆನೆದೇ ಇರಲಿಲ್ಲ ಎಂಬುದು ಆಗ ಹೊಳೆಯಿತು. ಏಳು ವರ್ಷ ಎಂದು ಚೀಟಿಯಲ್ಲಿ ಓದಿದಾಗ ನನ್ನ ತಲೆಗೆ ಬಂದದ್ದು ನನ್ನ ಮಗಳು, ನನ್ನ ಹಾಲ್, ನನ್ನ ಗಂಡನ ಗೇಟ್ ಪಾಸು. ಆ ಶಿಕ್ಷೆಯ ಇನ್ನೊಂದು ತುದಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಅವಳಿಗೊಂದು ರಸ್ತೆ ಇದೆ ಎಂದು ತೋಚಿರಲಿಲ್ಲ. ಅವನನ್ನು ನಮ್ಮ ಬಾಗಿಲಿಂದ ತಳ್ಳಿದರೆ ಅವನು ಹೋಗಿ ನಿಲ್ಲುವುದು ಅವಳ ರಸ್ತೆಯಲ್ಲಿ. ಅಲ್ಲಿಂದ ತಳ್ಳಿದ್ದಕ್ಕೇ ನಮ್ಮ ಬಾಗಿಲಿಗೆ ಬಂದದ್ದು.

ಆಮೇಲಿನ ಎರಡು ವಾರ ಕಟ್ಟಡದಲ್ಲಿ ಬಹಳ ಮಾತು ನಡೆಯಿತಂತೆ. ಮುನಿಸಿಪಾಲಿಟಿಗೆ ದೂರು ಕೊಟ್ಟರೆ, ಫ್ಯಾಮಿಲಿ ಫ್ಲ್ಯಾಟಿನಲ್ಲಿ ಹೆಚ್ಚು ಜನ ಎಂದು ಅವರೇ ಬಂದು ಬಿಡಿಸುತ್ತಾರೆ ಎಂದು ಒಬ್ಬರು ಸೂಚಿಸಿದರಂತೆ. ಒಳ್ಳೆಯ ಉಪಾಯ. ಯಾರ ಕೈಯೂ ಕೊಳಕಾಗುವುದಿಲ್ಲ. ಆದರೆ ತಪಾಸಣೆಯವರು ಒಂದು ಬಾಗಿಲು ತಟ್ಟಿ ಸುಮ್ಮನೆ ಹೋಗುವುದಿಲ್ಲ. ಸೂಚಿಸಿದವರ ಹಾಲ್‌ನಲ್ಲಿ ಇಬ್ಬರು ನರ್ಸುಗಳಿದ್ದರು, ಹಿರಿಯರ ಬಾಲ್ಕನಿಗೆ ಪ್ಲೈವುಡ್ ಬಡಿದು ಅಳಿಯನನ್ನು ಇಟ್ಟುಕೊಂಡಿದ್ದರು. ಸರಕಾರಕ್ಕೆ ಗೊತ್ತಿಲ್ಲದ ಒಬ್ಬರಾದರೂ ಇಲ್ಲದ ಮನೆ ನಮ್ಮ ಕಟ್ಟಡದಲ್ಲಿ ಇರಲಿಲ್ಲ. ಖಲಾಸ್, ಆ ಮಾತು ಅಲ್ಲಿಗೇ ನಿಂತಿತು. ಪೊಲೀಸರಿಗೆ ಹೇಳುವುದೆಂದರೆ ಏನು ಹೇಳುವುದು? ಅವನು ಇಲ್ಲಿ ಏನೂ ಮಾಡಿಲ್ಲ. ಮಾಡಿದ್ದರೆ, ದೇವರು ದೊಡ್ಡವನು, ಈ ದೇಶ ಅವನನ್ನು ಬಿಡುತ್ತಿರಲಿಲ್ಲ. ಮಾಡದವನನ್ನು ಏನೆಂದು ಹಿಡಿಯುತ್ತಾರೆ? ನಾವೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಲುಗಾಡದೆ ನಿಂತುಬಿಟ್ಟೆವು, ಕೆಟ್ಟುನಿಂತ ಲಿಫ್ಟಿನೊಳಗಿನವರ ಹಾಗೆ.

ರುವೈಸಿನ ಕೆಲಸದ ಮಾತು ತಾನಾಗಿ ಮುರಿಯಿತು. ಪೊಲೀಸ್ ಪ್ರಮಾಣಪತ್ರದ ಆ ಅರ್ಜಿ ಇಂದಿಗೂ ನನ್ನ ಕಂಪ್ಯೂಟರಿನಲ್ಲಿ ಅರ್ಧಕ್ಕೇ ಇದೆ.

ವೀಸಾ ಮುಗಿಯಲು ನಾಲ್ಕು ದಿನವಿದ್ದಾಗ, ಬೆಳಿಗ್ಗೆ ತಂಗಿ ಅವನ ಪಾಸ್‌ಪೋರ್ಟನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟಳು. ಮರುಭೂಮಿಯೊಳಗೆ ಒಂದು ಸೈಟು ಇದೆ, ಕ್ಯಾಂಪಿನಲ್ಲಿ ಬರೇ ಗಂಡಸರು, ಈ ಪ್ರಮಾಣಪತ್ರ ಅವರು ಕೇಳುವುದಿಲ್ಲ, ಆದರೆ ವೀಸಾ ಕೊಡಲು ಒಂದು ತಿಂಗಳು ಬೇಕಂತೆ. ವಿಸಿಟ್ ಒಂದು ತಿಂಗಳು ಮುಂದುವರಿಸಿಕೊಡಿ ಎಂದಳು. ಅಕ್ಕ ಎನ್ನಲಿಲ್ಲ. ಬೇಡಿಕೊಳ್ಳಲೂ ಇಲ್ಲ.

ಆ ಪಾಸ್‌ಪೋರ್ಟ್ ಮೂರು ದಿನ ನನ್ನ ಡ್ರಾಯರಿನಲ್ಲಿತ್ತು. ಮುಂದುವರಿಸುವುದು ಐದು ನಿಮಿಷದ ಕೆಲಸ. ಮುಂದುವರಿಸದಿರಲು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು. ಸುಮ್ಮನೆ ಕೂತರೆ ನನ್ನ ಮಗಳು ಫೋಟೊಕಾಪಿ ಮಷಿನಿನ ಹಿಂದಿನಿಂದ ಎದ್ದು ಮನೆಗೆ ಹೋಗಬಹುದಿತ್ತು. ಅದೇ ಹೊತ್ತಿಗೆ ನನಗೆ ಹೆಸರೂ ತಿಳಿಯದ ಆ ಹುಡುಗಿ, ಅವಳು ಈಗ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು, ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದಳು. ಇಂಥ ತಕ್ಕಡಿಯಲ್ಲಿ ತೂಗಲು ದೇವರು ಬೇಕು, ಕನಿಷ್ಠ ಒಬ್ಬ ಜಡ್ಜ್ ಬೇಕು. ಇದ್ದದ್ದು ಟೈಪಿಸ್ಟ್.

ನಾಲ್ಕನೇ ದಿನ ಒತ್ತಿದೆ. ಒಂದು ಷರತ್ತಿನ ಮೇಲೆ, ನನ್ನ ಮನೆಯಲ್ಲಿ ಅಲ್ಲ. ಅಲ್ ಕೂಜ್‌ನಲ್ಲಿ ಕೆಲಸಗಾರರ ಕೋಣೆಗಳನ್ನು ನೋಡಿಕೊಳ್ಳುವ ಒಬ್ಬ ಹಳೆಯ ಗಿರಾಕಿಗೆ ಫೋನ್ ಮಾಡಿ ಒಂದು ಬೆಡ್‌ಸ್ಪೇಸ್ ಕೇಳಿದೆ. ಹೈದರಾಬಾದಿನ ಆ ಮನುಷ್ಯ ಹಿಂದಿಯಲ್ಲಿ ಕೇಳಿದ, ಆಳು ಹೇಗೆ, ಒಳ್ಳೆಯವನೇ? ಅಲ್ಲಿ ಮಕ್ಕಳಿಲ್ಲ, ಬರೇ ಗಂಡಸರು ಎಂದು ನನಗೆ ನಾನೇ ನಾಲ್ಕು ಸಲ ಹೇಳಿಕೊಂಡು, ನನ್ನ ಪರಿಚಯದವಳ ಅಣ್ಣ ಎಂದೆ. ಮಾತು ಮುಗಿಸಿ ಫೋನ್ ಇಟ್ಟಾಗ ಏಪ್ರಿಲ್‌ನಲ್ಲಿ ತಂಗಿ ನನಗೆ ಹೇಳಿದ್ದೂ ಇಷ್ಟೇ ಎಂದು ನೆನಪಾಯಿತು.

ಅವನು ಹೊರಟ ಬೆಳಿಗ್ಗೆ ಹಾಸಿಗೆ ಸುತ್ತಿ ಸೋಫಾದ ಹಿಂದೆ ಇಡಲಿಲ್ಲ, ಬಾಗಿಲ ಬಳಿ ಇಟ್ಟ. ನನ್ನನ್ನು ನೋಡಿ ಏನೋ ಹೇಳುವವನಂತೆ ನಿಂತ. ನಾನು ಗ್ಯಾಸ್ ನೋಡಲು ಒಳಗೆ ಹೋದೆ. ಒಲೆ ಹೊತ್ತಿರಲಿಲ್ಲ.

ಅವನು ಹೋದ ತಿಂಗಳೊಳಗೆ ತಂಗಿ ಮತ್ತು ಅವಳ ಗಂಡ ಸಿಲಿಕಾನ್ ಓಯಸಿಸ್ ಕಡೆ ಒಂದೇ ಕೋಣೆಯ ಸ್ಟುಡಿಯೊ ಮನೆ ಹಿಡಿದರು. ಜಗಳವೇನೂ ಆಗಲಿಲ್ಲ. ಹೊಲಿಗೆ ಯಂತ್ರ ಇಳಿಸುವಾಗ ನಾನೂ ಒಂದು ಕಡೆ ಹಿಡಿದೆ. ಲಿಫ್ಟಿನಲ್ಲಿ ನಾವಿಬ್ಬರೂ ಯಂತ್ರವೂ ಅಷ್ಟೇ, ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು, ಯಾರೂ ಇರಲಿಲ್ಲ, ಮುಚ್ಚಿತು. ಭಜನೆಯ ಪಾಳಿ ಮುಂದಿನ ತಿಂಗಳು ನಮ್ಮ ಮನೆಗೇ ಬಂತು. ಎಲ್ಲರೂ ಬಂದರು, ಅವನು ಮಲಗುತ್ತಿದ್ದ ಜಾಗದಲ್ಲಿ ಜಮಖಾನೆ ಹಾಸಿ ಕೂತು ಹಾಡಿದರು, ಅವಲಕ್ಕಿ ಚೆನ್ನಾಗಿದೆ ಎಂದರು.

ಮೊನ್ನೆ ಫೆಬ್ರುವರಿಯಲ್ಲಿ ತಂಗಿ ನಮ್ಮ ಸೆಂಟರಿಗೆ ಬಂದಳು, ಐಡಿ ನವೀಕರಣಕ್ಕೆ. ಅಲ್ಲಿಂದ ಇಲ್ಲಿಯವರೆಗೆ ಹತ್ತು ಟೈಪಿಂಗ್ ಸೆಂಟರು ದಾಟಿ ಬರಬೇಕು. ಟೋಕನ್ ತೆಗೆದುಕೊಂಡು ಎಲ್ಲರ ಹಾಗೆ ಕಾದು ನನ್ನ ಮುಂದೆ ಕೂತಳು, ಮೇಡಂ ಎಂದಳು. ನಾನು ಟೈಪ್ ಮಾಡುತ್ತ, ಅಣ್ಣ ಹೇಗಿದ್ದಾನೆ ಎಂದು ಕೇಳಿದೆ. ಕೆಲಸ ಸಿಕ್ಕಿದೆ, ಆ ಮರುಭೂಮಿಯ ಸೈಟಿನಲ್ಲೇ, ಎರಡು ವರ್ಷದ ಕಾಂಟ್ರ್ಯಾಕ್ಟು. ಊರಲ್ಲಿ ಆ ಹುಡುಗಿ ಈಗ ಬಸ್ಸಿಗೆ ಬರುತ್ತಾಳಂತೆ, ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದಾಳಂತೆ, ಅಮ್ಮ ಫೋನಿನಲ್ಲಿ ಹೇಳಿದರು ಎಂದಳು. ನಾನು ಒಳ್ಳೆಯದಾಯಿತು ಎಂದೆ.

“ಎರಡು ವರ್ಷ ಆದ ಮೇಲೆ ರಜೆ ಉಂಟು” ಎಂದಳು. “ಟಿಕೆಟ್ ಕಂಪೆನಿಯದ್ದೇ. ಕ್ಯಾಂಪು ಖಾಲಿ ಮಾಡಿ ಊರಿಗೆ ಹೋಗ್ಲೇಬೇಕಂತೆ. ನಿಮಗೆ ಈ ರೂಲ್ಸೆಲ್ಲ ಗೊತ್ತುಂಟಲ್ಲ. ಹೋಗದೆ ಇರ್ಲಿಕ್ಕೆ ಎಂತಾದ್ರೂ ಅರ್ಜಿ ಉಂಟಾ?”

ಇಲ್ಲ ಎಂದೆ. ಕೇಳದೆಯೇ ಒತ್ತುವ ‘ಇಲ್ಲ’ ಅಲ್ಲ ಅದು, ಯೋಚಿಸಿಯೇ ಹೇಳಿದ್ದು.

ಆ ಹೊತ್ತಿಗೆ ಫೋಟೊಕಾಪಿ ಮಷಿನಿನ ಹಿಂದಿನಿಂದ ನನ್ನ ಮಗಳು ಆಂಟೀ ಎನ್ನುತ್ತ ಎದ್ದು ಬಂದಳು. ತಂಗಿ ಅವಳ ತಲೆ ಸವರಿದಳು. ಅವಳ ಹೆಗಲ ಮೇಲಿನಿಂದ ಆ ಮೂಲೆಯನ್ನು, ಸ್ಟೂಲನ್ನು, ಗೋಡೆಗೆ ಆನಿಸಿದ ಊಟದ ಡಬ್ಬಿಯನ್ನು ನೋಡಿದಳು. ಅಣ್ಣ ನಮ್ಮ ಮನೆ ಬಿಟ್ಟು ಏಳು ತಿಂಗಳಾಗಿತ್ತು. ಅವಳ ಕೋಣೆಯಲ್ಲಿ ಈಗ ಒಬ್ಬ ಲ್ಯಾಬ್ ಟೆಕ್ನಿಷಿಯನ್ನನ ಸಂಸಾರವಿದೆ, ಒಳ್ಳೆಯ ಜನ, ಬಾಗಲಕೋಟೆಯವರು, ನಾನು ಅವರನ್ನು ಒಂದು ಗಂಟೆ ವಿಚಾರಿಸಿದ್ದೆ, ಎಲ್ಲದಕ್ಕೂ ಸರಿಯಾಗಿ ಉತ್ತರಿಸಿದ್ದರು. ಆ ಹೆಂಗಸಿಗೊಬ್ಬ ತಮ್ಮ ಇದ್ದಾನೆ.

ತಂಗಿ ರಸೀದಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡು, ಹೋಗಿ ಬರ್ತೇನೆ ಅಂದಳು, ನನಗಲ್ಲ, ಮಗುವಿಗೆ.

ಗಾಜಿನ ಬಾಗಿಲು ಮುಚ್ಚಿದ ಮೇಲೆ ಮಗಳು ನನ್ನ ಕೌಂಟರಿಗೆ ಒರಗಿ ನಿಂತಳು. ಅವಳಿಗೆ ಈಗ ಹನ್ನೆರಡು, ನನ್ನ ಭುಜದೆತ್ತರಕ್ಕೆ ಬಂದಿದ್ದಾಳೆ.

“ಅಮ್ಮಾ, ಕೀಲಿ ಕೊಡ್ತೀಯಾ? ಇವತ್ತು ಒಬ್ಬಳೇ ಹೋಗ್ತೇನೆ.”

ಕೀಲಿ ನನ್ನ ಬ್ಯಾಗಿನಲ್ಲಿತ್ತು, ಬ್ಯಾಗು ಕಾಲಬುಡದಲ್ಲಿತ್ತು. ಬಗ್ಗಿದೆ. ಕೈಗೆ ಸಿಕ್ಕಿತು ಕೂಡ. ಅಷ್ಟರಲ್ಲಿ ಟೋಕನ್ ಮಷಿನ್ ಕೂಗಿತು, ಎದುರಿನ ಕುರ್ಚಿಗೆ ಯಾರೋ ಬಂದು ಕೂತು ಪಾಸ್‌ಪೋರ್ಟ್ ಚಾಚಿದರು.

“ಇವರದೊಂದು ಮುಗಿಸ್ತೇನಿ, ತಡಿ” ಎಂದೆ. ಅವಳು ಮತ್ತೆ ಮಷಿನಿನ ಹಿಂದೆ ಹೋಗಿ ಕೂತಳು.